ಗಣಕಯಂತ್ರಕ್ಕೆ ಜೋಡಿಸಿದ ಸಂಗ್ರಹ ಸಾಧನವನ್ನು ಗುರುತಿಸುವ ಕ್ರಮ

ಕೆಂಗೇರಿ ಹೋಬಳಿಯ ಪಂಚಾಯಿತಿ ಕಚೇರಿಯೊಂದರಲ್ಲಿ ಒಂದೇ ಗಣಕಯಂತ್ರಕ್ಕೆ ಅಧ್ಯಕ್ಷರ ಡಿಜಿಟಲ್ ಸಹಿಯ ಟೋಕನ್, ಗ್ರಾಮಸಭೆಯ ವೀಡಿಯೊ ಇರುವ ಪೆನ್ ಡ್ರೈವ್, ಹಳೆಯ ಕಡತಗಳ ಹಾರ್ಡ್ ಡಿಸ್ಕ್ ಮೂರೂ ಜೋಡಣೆಯಾಗಿರುವುದು ಅಪರೂಪವಲ್ಲ. ಟೋಕನ್ ಮತ್ತು ಪೆನ್ ಡ್ರೈವ್ ನೋಟಕ್ಕೆ ಒಂದೇ ಬಗೆ, ಗಣಕಯಂತ್ರಕ್ಕೆ ಹಾಗಲ್ಲ.

ಜೋಡಿಸಿದೊಡನೆ ಪ್ರತಿ ಯುಎಸ್‌ಬಿ ಸಾಧನವೂ ತನ್ನ ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ ಹಾಗೂ ವರ್ಗವನ್ನು ಕಾರ್ಯಾಚರಣಾ ವ್ಯವಸ್ಥೆಗೆ ತಿಳಿಸುತ್ತದೆ. ವರ್ಗ 08 ಎಂದಿದ್ದರೆ ಅದು ಸಂಗ್ರಹ ಸಾಧನ. ವಿಂಡೋಸ್ ಅದಕ್ಕೆ ಇ, ಎಫ್ ಮೊದಲಾದ ಅಕ್ಷರವನ್ನು ಕೊಡುತ್ತದೆ. ಈ ಅಕ್ಷರ ಸಾಧನದ ಹೆಸರಲ್ಲ, ಆಗ ಖಾಲಿಯಿದ್ದ ಕುರ್ಚಿ. ನಿನ್ನೆ ಎಫ್ ಆಗಿದ್ದ ಪೆನ್ ಡ್ರೈವ್ ಇಂದು ಜಿ ಆಗಿ, ಎಫ್ ಸ್ಥಾನದಲ್ಲಿ ಹಾರ್ಡ್ ಡಿಸ್ಕ್ ಇರಬಹುದು. ಅಕ್ಷರವನ್ನಷ್ಟೇ ನಂಬಿ ಫಾರ್ಮ್ಯಾಟ್ ಮಾಡಿದರೆ ಫಲಾನುಭವಿಗಳ ಆಯ್ಕೆಯ ನಡವಳಿಯೇ ಅಳಿದೀತು.

ಆದುದರಿಂದ ಮೊದಲು ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ಗಾತ್ರವನ್ನು ನೋಡತಕ್ಕದ್ದು. ರಾಜಾಜಿನಗರದ ಅಂಗಡಿಯಲ್ಲಿ ಕೊಂಡ 32 ಜಿಬಿ ಪೆನ್ ಡ್ರೈವ್ ಅಲ್ಲಿ 29ರ ಆಸುಪಾಸು ತೋರಿದರೆ ಅಂಗಡಿಯವರನ್ನು ದೂರುವಂತಿಲ್ಲ. ತಯಾರಕರ ಎಣಿಕೆ 1000ದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆದೇಶ ಇಂಥದೇ ಪಟ್ಟಿ ಕೊಡುತ್ತದೆ. ಆಗಲೂ ಅನುಮಾನವಿದ್ದಲ್ಲಿ ಒಂದು ಸಾಧನವನ್ನು ಕ್ರಮಬದ್ಧವಾಗಿ ತೆಗೆದು, ಪಟ್ಟಿಯಿಂದ ಯಾವುದು ಮರೆಯಾಯಿತೆಂದು ಪರಿಶೀಲಿಸುವುದು.

ಫಾರ್ಮ್ಯಾಟ್ ಮಾಡಬೇಕೆಂದು ವಿಂಡೋಸ್ ತಾನಾಗಿ ಕೇಳಿದರೂ ಸಾಧನ ಖಾಲಿಯೆಂದು ಅರ್ಥವಲ್ಲ. ಲಿನಕ್ಸ್‌ನಲ್ಲಿ ಸಿದ್ಧಪಡಿಸಿದ ಡಿಸ್ಕನ್ನು ಅದು ಸಾಮಾನ್ಯವಾಗಿ ಓದಲಾರದು. ‘ಕ್ಯಾನ್ಸಲ್’ ಒತ್ತುವುದೇ ಸರಿ. ಪ್ರತಿ ಸಾಧನಕ್ಕೂ ತಂತ್ರಾಂಶದಲ್ಲೇ ಹೆಸರಿಟ್ಟು, ಅದೇ ಹೆಸರಿನ ಚೀಟಿ ಅಂಟಿಸಿ, ದಾಸ್ತಾನು ವಹಿಯಲ್ಲಿ ನಮೂದಿಸಿರುವುದನ್ನು ಸದಸ್ಯರು ಕೇಳಿ ನೋಡಬಹುದು.