ಮೂರು ಫೇಸಿನ ಜನರೇಟರ್, ಸಿಂಗಲ್ ಫೇಸಿನ ಮನೆ

ಮಲೆನಾಡಿನ ಕಾಫಿ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮತ್ತು ಪಂಪ್‌ಸೆಟ್ಟುಗಳಿಗಾಗಿ ತಂದಿಟ್ಟ ಮೂರು ಫೇಸಿನ ಡೀಸೆಲ್ ಜನರೇಟರನ್ನೇ, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ಕರೆಂಟ್ ಹೋದಾಗ, ಮನೆಯ ದೀಪ, ಫ್ರಿಜ್, ಮಿಕ್ಸಿಗಳಿಗೂ ವರ್ಕ್‌ಶಾಪಿನ ಡ್ರಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳಿಗೂ ಬಳಸುವ ರೂಢಿಯಿದೆ. ಇಂಥ ಜೋಡಣೆಗಳನ್ನು ಮಾಡಿದ ಮತ್ತು ಕೆಟ್ಟವನ್ನು ಬಿಚ್ಚಿ ಸರಿಪಡಿಸಿದ ಅನುಭವದಿಂದ ತಿಳಿದುಬರುವುದೇನೆಂದರೆ, ಜನರೇಟರಿನ ಮೇಲೆ ಬರೆದಿರುವ ಒಟ್ಟು ಸಾಮರ್ಥ್ಯಕ್ಕಿಂತಲೂ ಲೋಡನ್ನು ಮೂರು ಫೇಸುಗಳಿಗೆ ಹಂಚಿದ ಬಗೆ ಮತ್ತು ನ್ಯೂಟ್ರಲ್ ತಂತಿಯ ಭದ್ರತೆ ಹೆಚ್ಚು ಮುಖ್ಯ.

ವಿದ್ಯುತ್ತನ್ನು ಉತ್ಪಾದಿಸುವ ಆಲ್ಟರ್ನೇಟರಿನೊಳಗೆ ಮೂರು ವೈಂಡಿಂಗ್‌ಗಳಿದ್ದು, ಅವುಗಳ ಒಂದೊಂದು ತುದಿಯನ್ನು ಒಂದೆಡೆ ಕಟ್ಟಿದ ಬಿಂದುವಿಗೆ ಸ್ಟಾರ್ ಬಿಂದುವೆಂದೂ ಅಲ್ಲಿಂದ ಹೊರಬರುವ ತಂತಿಗೆ ನ್ಯೂಟ್ರಲ್ ಎಂದೂ ಹೆಸರು. ಯಾವುದೇ ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. 15 ಕೆವಿಎ ಜನರೇಟರಿನಲ್ಲಿ ಪ್ರತಿ ಫೇಸಿನ ಪಾಲು 5 ಕೆವಿಎ, ಅಂದರೆ ಸುಮಾರು 22 ಆಂಪಿಯರ್. ಉಳಿದೆರಡು ಫೇಸುಗಳು ಖಾಲಿಯಿದ್ದರೂ ಈ ಮಿತಿ ಬದಲಾಗುವುದಿಲ್ಲ. ಮೂರು ಫೇಸುಗಳ ತುದಿಗಳನ್ನು ಸೇರಿಸಿ ಒಂದೇ ದೊಡ್ಡ ಫೇಸ್ ಮಾಡಬಹುದೆಂಬ ಎಣಿಕೆಯಂತೂ ನೇರ ಶಾರ್ಟ್ ಸರ್ಕ್ಯೂಟಿಗೆ ದಾರಿ, ಏಕೆಂದರೆ ಅವುಗಳ ವೋಲ್ಟೇಜು ಏರಿಳಿಯುವ ಗಳಿಗೆಗಳೇ ಬೇರೆ ಬೇರೆ.

ಆದುದರಿಂದ ಮನೆಯನ್ನೆಲ್ಲ ಒಂದು ಫೇಸಿಗೆ ಕಟ್ಟದೆ, ಒಟ್ಟಿಗೆ ನಡೆಯುವ ಯಂತ್ರಗಳು ಬೇರೆ ಬೇರೆ ಫೇಸುಗಳಲ್ಲಿ ಬರುವಂತೆ ಹಂಚಬೇಕು. ಹೊರಡುವ ಕ್ಷಣದಲ್ಲಿ ಮೋಟಾರು ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ ಫ್ರಿಜ್ ಇರುವ ಫೇಸಿನಲ್ಲೇ ವರ್ಕ್‌ಶಾಪಿನ ಕಂಪ್ರೆಸರ್ ಇರುವುದು ತರವಲ್ಲ. ಒಂದು ಫೇಸ್ ಹೋದಾಗ ಇನ್ನೊಂದಕ್ಕೆ ತಿರುಗಿಸಲು ಮನೆಗಳಲ್ಲಿರುವ ಫೇಸ್ ಸೆಲೆಕ್ಟರ್ ಸ್ವಿಚ್ಚುಗಳು ಇಲ್ಲಿ ಕೇಡು ತರುತ್ತವೆ. ಕರೆಂಟ್ ಹೋಗುವ ಮೊದಲು ಈ ಸ್ವಿಚ್ಚುಗಳನ್ನೆಲ್ಲ ಒಂದೇ ಫೇಸಿಗೆ ತಿರುಗಿಸಿದ್ದರೆ, ಜನರೇಟರ್ ಚಾಲೂ ಆದೊಡನೆ ಇಡೀ ಮನೆಯ ಹೊರೆ ಒಂದೇ ವೈಂಡಿಂಗಿನ ಮೇಲೆ ಬೀಳುತ್ತದೆ.

ಅತ್ಯಂತ ದೊಡ್ಡ ಹಾನಿಯಾಗುವುದು ನ್ಯೂಟ್ರಲ್ ಕಡಿದಾಗ. ಒಂದು ಫೇಸಿನಲ್ಲಿ 2000 ವ್ಯಾಟ್ ಗೀಸರೂ ಇನ್ನೊಂದರಲ್ಲಿ 100 ವ್ಯಾಟ್ ಬಲ್ಬೂ ಮಾತ್ರ ಇರುವಾಗ ನ್ಯೂಟ್ರಲ್ ಬಿಟ್ಟುಹೋದರೆ, ಅವೆರಡೂ 400 ವೋಲ್ಟಿನ ನಡುವೆ ಸರಣಿಯಾಗಿ ನಿಂತು, ಬಲ್ಬಿನ ಮೇಲೆ ಸುಮಾರು 380 ವೋಲ್ಟ್ ಬೀಳುತ್ತದೆ. ಬಲ್ಬಿನ ಜಾಗದಲ್ಲಿ ಟಿವಿಯಿದ್ದರೆ ಅದರ ಗತಿ ಹೇಳಬೇಕಿಲ್ಲ. ಹೀಗಾಗಿ ನ್ಯೂಟ್ರಲ್‌ಗೆ ಎಂದೂ ಫ್ಯೂಸ್ ಹಾಕಬಾರದು, ಫೇಸ್ ತಂತಿಗಿಂತ ತೆಳುವಾದ ತಂತಿಯನ್ನೂ ಬಳಸಬಾರದು. ಲೋಡ್ ಸಮನಾಗಿದ್ದರೆ ನ್ಯೂಟ್ರಲ್‌ನಲ್ಲಿ ಕರೆಂಟೇ ಇರುವುದಿಲ್ಲವೆಂಬ ಮಾತು ಪುಸ್ತಕದಲ್ಲಿ ಸರಿ. ಆದರೆ ಮನೆಯಲ್ಲಿ ಲೋಡ್ ಎಂದೂ ಸಮನಾಗಿರದು, ಜೊತೆಗೆ ಎಲ್‌ಇಡಿ ದೀಪ, ಕಂಪ್ಯೂಟರುಗಳಿಂದ ಬರುವ ಮೂರನೆಯ ಹಾರ್ಮೋನಿಕ್, ಅಂದರೆ 150 ಹರ್ಟ್ಸಿನ ಕರೆಂಟು, ಮೂರೂ ಫೇಸುಗಳಿಂದ ಬಂದು ನ್ಯೂಟ್ರಲ್‌ನಲ್ಲಿ ರದ್ದಾಗದೆ ಕೂಡಿಕೊಳ್ಳುತ್ತದೆ. ಜನರೇಟರಿನ ಕಂಪನದಿಂದ ಸಡಿಲವಾಗುವ ನ್ಯೂಟ್ರಲ್ ನಟ್ಟನ್ನು ಮಳೆಗಾಲಕ್ಕೆ ಮುಂಚೆ ಬಿಗಿ ಮಾಡುವುದು ಎಣ್ಣೆ ಬದಲಿಸುವಷ್ಟೇ ಅಗತ್ಯವಾದ ಕೆಲಸ.

ಮನೆಯ ಲೈನಿಗೂ ಜನರೇಟರಿಗೂ ನಡುವೆ ನಾಲ್ಕು ಪೋಲಿನ, ಎಂದರೆ ಮೂರು ಫೇಸಿನೊಡನೆ ನ್ಯೂಟ್ರಲನ್ನೂ ಬದಲಿಸುವ, ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಅದಿಲ್ಲದೆ ಜನರೇಟರಿನ ತಂತಿಯನ್ನು ಬೋರ್ಡಿಗೆ ಸಿಕ್ಕಿಸಿದರೆ, ಊರಿನ ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿ ಕೆಲಸ ಮಾಡಿ 11,000 ವೋಲ್ಟಿನ ಲೈನನ್ನು ಜೀವಂತಗೊಳಿಸಬಹುದು. ಆ ಲೈನಿನ ಮೇಲೆ ಮಳೆಯಲ್ಲಿ ದುರಸ್ತಿಗೆ ಹತ್ತಿದ ಲೈನ್‌ಮ್ಯಾನ್ ಇರುತ್ತಾನೆ. ಖರ್ಚಿನ ನೆಪದಲ್ಲಿ ಈ ಸ್ವಿಚ್ಚನ್ನು ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಜನರೇಟರಿನ ನ್ಯೂಟ್ರಲನ್ನು ಭೂಮಿಗೆ ಸೇರಿಸುವ ಅರ್ಥಿಂಗ್ ಇಲ್ಲದಿದ್ದರೆ, ಸೋರುವ ಕರೆಂಟನ್ನು ಗುರುತಿಸಿ ಕಡಿಯುವ ಆರ್‌ಸಿಸಿಬಿ ಕೂಡ ಶಾಕ್ ಹೊಡೆದಾಗ ಸುಮ್ಮನಿರುತ್ತದೆ.

ಹನ್ನೆರಡು ತಂತಿಗಳು ಹೊರಬರುವ ಕೆಲವು ಆಲ್ಟರ್ನೇಟರುಗಳನ್ನು ಡಬಲ್ ಡೆಲ್ಟಾ ಎಂಬ ಬೇರೊಂದು ಕ್ರಮದಲ್ಲಿ ಜೋಡಿಸಿ ಸಿಂಗಲ್ ಫೇಸ್ ಮಾಡಬಹುದು. ಆಗ ಮೂಲ ಸಾಮರ್ಥ್ಯದ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಸಿಗದು, ಪಲ್ಪರಂತೂ ನಡೆಯದು; ತೋಟದ ಮನೆಗೆ ಇದು ಒಗ್ಗುವುದಿಲ್ಲ.

ಜೋಡಣೆ ಮುಗಿದ ಮೇಲೆ ಕ್ಲ್ಯಾಂಪ್ ಮೀಟರಿನಿಂದ ಪ್ರತಿ ಫೇಸಿನ ಮತ್ತು ನ್ಯೂಟ್ರಲಿನ ಕರೆಂಟನ್ನು ಲೋಡ್ ಇರುವಾಗಲೇ ಅಳೆಯಬೇಕು. ಪಂಪಿನ ಮೋಟಾರು ಲೈನಿನಲ್ಲಿ ತಿರುಗುವ ದಿಕ್ಕಿನಲ್ಲೇ ಜನರೇಟರಿನಲ್ಲೂ ತಿರುಗುತ್ತದೆಯೇ ಎಂದು ನೋಡಬೇಕು. ಉಲ್ಟಾ ತಿರುಗಿದರೆ ಯಾವುದಾದರೂ ಎರಡು ಫೇಸುಗಳನ್ನು ಮೋಟಾರಿನ ಬಳಿ ಬದಲಿಸದೆ, ಚೇಂಜ್‌ಓವರ್ ಸ್ವಿಚ್ಚಿನ ಜನರೇಟರ್ ಬದಿಯಲ್ಲಿ ಬದಲಿಸಬೇಕು.