ಮನೆಯ ದೋಣಿ: ಕಡಲತಡಿಯ ತರಗತಿಗೆ ಒಂದು ಪಾಠ

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಹೊತ್ತಿಗೆ ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲು ಕಡಲತಡಿಯ ಅನೇಕ ಸಣ್ಣ ದೋಣಿಗಳು ಮರಳಿನ ಮೇಲೇರಿ ತೆಂಗಿನ ಮಡಲಿನ ಅಥವಾ ಟಾರ್ಪಾಲಿನ ಹೊದಿಕೆಯೊಳಗೆ ಸೇರಿರುತ್ತವೆ. ಕೇರಳದ ಮಳೆಗಾಲದ ಟ್ರಾಲಿಂಗ್ ನಿಷೇಧವು ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ವರೆಗಿನ 52 ದಿನಗಳದ್ದು. ಅದು ಸಾಂಪ್ರದಾಯಿಕ ದೋಣಿಗಳಿಗೆ ಅನ್ವಯಿಸುವುದಿಲ್ಲ. ಬಂದರಿನ ಆಸರೆಯಿಲ್ಲದ ದಡದಲ್ಲಿ ಅವುಗಳನ್ನು ತಡೆಯುವುದು ಕಾನೂನಲ್ಲ, ಅಲೆ. ಹೀಗೆ ಶಾಲಾವರ್ಷದ ಮೊದಲ ಎರಡು ತಿಂಗಳು ದೋಣಿಯ ದುರಸ್ತಿಯ ಕಾಲವೂ ಆಗಿರುತ್ತದೆ. ತರಗತಿಯಲ್ಲಿ ಕುಳಿತಿರುವ ಮೀನುಗಾರ ಕುಟುಂಬದ ಮಗುವಿನ ಮನೆಯಲ್ಲಿ ಆ ದಿನಗಳ ಮಾತೆಲ್ಲ ದೋಣಿ, ಎಂಜಿನು, ಬಲೆ ಮತ್ತು ಸಾಲದ ಸುತ್ತಲೇ ಸುತ್ತುತ್ತಿರುತ್ತದೆ.

ಈ ಮಗುವಿನ ಭಾಷಾಸ್ಥಿತಿಯನ್ನು ಅಧ್ಯಾಪಕರು ಮೊದಲು ಗಮನಿಸಬೇಕು. ಮೊಗವೀರರ ಮನೆಗಳಲ್ಲಿ ಆಡುವ ಮಾತು ತುಳು, ಓದುವ ಮಾಧ್ಯಮ ಕನ್ನಡ, ಮೀನುಗಾರಿಕಾ ಇಲಾಖೆಯ ಅರ್ಜಿ ನಮೂನೆ ಬಹುಮಟ್ಟಿಗೆ ಮಲಯಾಳ ಅಥವಾ ಇಂಗ್ಲಿಷ್. ಮನೆಯಲ್ಲಿ ‘ಓಡ’ವಾದದ್ದು ಪುಸ್ತಕದಲ್ಲಿ ‘ದೋಣಿ’, ಕಚೇರಿಯಲ್ಲಿ ‘ವಳ್ಳಂ’. ಬೂತಾಯಿ ಮಾರುಕಟ್ಟೆಯಲ್ಲಿ ‘ಮತ್ತಿ’ಯಾಗುತ್ತದೆ, ಬಂಗುಡೆ ‘ಅಯಲ’ವಾಗುತ್ತದೆ, ಅಂಜಲ್ ‘ಅಯಕೂರ’ವಾಗುತ್ತದೆ. ದೋಣಿಯನ್ನು ನಡೆಸುವ ವಿದ್ಯೆ ಮಗುವಿಗೆ ಮೊದಲನೆಯ ಭಾಷೆಯಲ್ಲಿ ದಕ್ಕುತ್ತದೆ. ದೋಣಿಯ ಒಡೆತನವನ್ನು ಉಳಿಸಿಕೊಳ್ಳುವ ವಿದ್ಯೆ ಬರವಣಿಗೆಯಲ್ಲಿದೆ. ಮೊದಲನೆಯದನ್ನು ಶಾಲೆ ಕಲಿಸಲಾರದು, ಕಲಿಸಬೇಕಾಗಿಯೂ ಇಲ್ಲ. ಎರಡನೆಯದನ್ನು ಶಾಲೆಯಲ್ಲದೆ ಬೇರೆ ಯಾರೂ ಕಲಿಸುವವರಿಲ್ಲ.

ದೋಣಿಗಳ ಚಿತ್ರ ಸಂಗ್ರಹಿಸಿ ಅಂಟಿಸುವ ಪ್ರಾಜೆಕ್ಟ್ ಈ ಪಾಠಕ್ಕೆ ಸಾಲದು. ಮೀನುಗಾರನ ಮಗುವಿಗೆ ದೋಣಿಯ ಚಿತ್ರದಿಂದ ತಿಳಿಯುವುದು ಏನೂ ಇಲ್ಲ. ಅದರ ಬದಲು ದಡದ ಮೇಲಿರುವ ಒಂದು ದೋಣಿಯನ್ನು ಹಿರಿಯರ ಸಮ್ಮುಖದಲ್ಲಿ ನೋಡಿ, ಕೇಳಿ, ಬರೆದುಕೊಳ್ಳುವುದು ಒಳಿತು. ಮಕ್ಕಳನ್ನು ನೀರಿಗೆ ಇಳಿಸುವ ಪ್ರಶ್ನೆಯೇ ಇಲ್ಲ.

ಹಳೆಯ ಮರದ ದೋಣಿಗಳನ್ನು ಮಾವು, ಹೆಬ್ಬಲಸುಗಳ ಮರದಿಂದ ಮಾಡುತ್ತಿದ್ದರು. ಮರಕ್ಕೆ ಶತ್ರು ಉಪ್ಪುನೀರಲ್ಲ, ಅದರೊಳಗಿರುವ ಕೊರೆಹುಳ. ಅದನ್ನು ತಡೆಯಲು ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬೂತಾಯಿಯ ಎಣ್ಣೆಯನ್ನೂ ಬಳಿಯುವ ಕ್ರಮ ಕೇರಳದ ಕರಾವಳಿಯಲ್ಲಿ ಬಹುಕಾಲದಿಂದ ಇದೆ. ಗೇರುಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಟ್ಟು ಬೊಕ್ಕೆಯೇಳುವುದನ್ನು ಗೇರುತೋಪುಗಳ ಜಿಲ್ಲೆಯಾದ ಕಾಸರಗೋಡಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಹುಳಕ್ಕೂ ಅದೇ ಗುಣ ಒಗ್ಗುವುದಿಲ್ಲ ಎಂದರೆ ಸಾಕು.

ಈಗ ಹೆಚ್ಚು ಕಾಣುವುದು ಫೈಬರ್ ದೋಣಿ. ಗಾಜಿನ ನಾರನ್ನು ರೆಸಿನ್‌ನಲ್ಲಿ ಅದ್ದಿ ಪದರಪದರವಾಗಿ ಕಟ್ಟಿದ ಈ ದೋಣಿಗೆ ಕೊರೆಹುಳದ ಭಯವಿಲ್ಲ. ಆದರೆ ದಿನಕ್ಕೆರಡು ಬಾರಿ ಮರಳಿನ ಮೇಲೆ ಎಳೆದಾಗ ಅಡಿಯ ನಡುಭಾಗ ಸವೆಯುತ್ತದೆ. ಹೊಳೆಯುವ ಹೊರಪದರದಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ನೀರು ಒಳಗಿನ ನಾರಿಗೆ ಇಳಿದು ಪದರಗಳನ್ನು ಬಿಡಿಸುತ್ತದೆ. ದುರಸ್ತಿಯ ಕ್ರಮ ಸರಳ: ಸವೆದ ಭಾಗವನ್ನು ಉಜ್ಜಿ, ಪೂರ್ತಿ ಒಣಗಿಸಿ, ಹೊಸ ನಾರು ಮತ್ತು ರೆಸಿನ್ ಕೂರಿಸುವುದು. ತೊಡಕಿರುವುದು ‘ಪೂರ್ತಿ ಒಣಗಿಸಿ’ ಎಂಬಲ್ಲಿ. ತೇವವಿರುವ ಮೈಗೆ ರೆಸಿನ್ ಹಿಡಿಯುವುದಿಲ್ಲ. ದೋಣಿಗೆ ಬಿಡುವಿರುವುದು ಮಳೆಗಾಲದಲ್ಲಿ, ರೆಸಿನ್‌ಗೆ ಬೇಕಾದದ್ದು ಬಿಸಿಲು. ಮೇ ತಿಂಗಳ ಕೊನೆಯ ವಾರದಲ್ಲೇ ಅಡಿಯನ್ನು ಮಗುಚಿ ನೋಡುವ ಮನೆಯೂ, ಆಗಸ್ಟಿನ ಮೊದಲ ವಾರದಲ್ಲಿ ಒದ್ದೆ ದೋಣಿಗೆ ತೇಪೆ ಹಾಕುವ ಮನೆಯೂ ಒಂದೇ ಖರ್ಚು ಮಾಡುತ್ತವೆ. ತೇಪೆ ಉಳಿಯುವುದು ಮೊದಲನೆಯ ಮನೆಯಲ್ಲಿ. ಉಜ್ಜುವಾಗ ಏಳುವ ಗಾಜಿನ ಪುಡಿ ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಆ ಕೆಲಸ ನಡೆಯುವಾಗ ಮಕ್ಕಳನ್ನು ದೂರವಿಡಬೇಕು.

ಎಂಜಿನಿನ ವಿಷಯದಲ್ಲಿ ವಿಜ್ಞಾನದ ಅಧ್ಯಾಪಕರಿಗೆ ಇಡೀ ವಾರದ ಸಾಮಗ್ರಿ ದೊರೆಯುತ್ತದೆ. 1980ರ ದಶಕದಲ್ಲಿ ಕೇರಳದ ಸಾಂಪ್ರದಾಯಿಕ ದೋಣಿಗಳ ಹಿಂಬದಿಗೆ ಔಟ್‌ಬೋರ್ಡ್ ಎಂಜಿನು ವ್ಯಾಪಕವಾಗಿ ಬಂತು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನನ್ನು ಪೆಟ್ರೋಲಿನಿಂದ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ದಡ ಸಮೀಪಿಸುವಾಗ ಮತ್ತೆ ಪೆಟ್ರೋಲಿಗೆ ತಿರುಗಿಸಿ ಕಾರ್ಬ್ಯುರೇಟರಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಉರಿಸಿಬಿಡುತ್ತಾರೆ. ಈ ಕೊನೆಯ ಕ್ರಮ ತಪ್ಪಿದರೆ ಮರುದಿನ ಬೆಳಗಿನ ಜಾವ ಹಗ್ಗ ಎಳೆದೆಳೆದು ತೋಳು ಸೋಲುತ್ತದೆ. ಸೀಮೆಎಣ್ಣೆ ತಣ್ಣಗಿರುವಾಗ ಪೆಟ್ರೋಲಿನಷ್ಟು ಸುಲಭವಾಗಿ ಏಕೆ ಆವಿಯಾಗುವುದಿಲ್ಲ ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ಆರಂಭಿಸಬಹುದು.

ದಡಕ್ಕೆ ಬಂದ ಎಂಜಿನನ್ನು ಸಿಹಿನೀರಿನ ಡ್ರಮ್ಮಿನಲ್ಲಿಟ್ಟು ಕೆಲವು ನಿಮಿಷ ಓಡಿಸಬೇಕು. ಎಂಜಿನು ತಣಿಯುವುದು ಸಮುದ್ರದ ನೀರಿನಿಂದ. ಆ ನೀರು ಕೊಳವೆಯೊಳಗೆ ಆರಿದರೆ ಉಪ್ಪು ಹರಳುಗಟ್ಟಿ ದಾರಿ ಮುಚ್ಚುತ್ತದೆ. ಓಡುವಾಗ ಬದಿಯಿಂದ ಚಿಮ್ಮುವ ತೆಳುವಾದ ನೀರಿನ ಧಾರೆ ನಿಂತರೆ ಎಂಜಿನನ್ನು ಕೂಡಲೇ ನಿಲ್ಲಿಸಬೇಕೆಂಬುದು ದೋಣಿಯ ಮಕ್ಕಳಿಗೆ ಗೊತ್ತು, ಕಾರಣ ಗೊತ್ತಿರದೆ ಇರಬಹುದು. ಮೀನುಗಾರರು ‘ಫ್ಯಾನ್’ ಎನ್ನುವ ಪ್ರೊಪೆಲ್ಲರಿನ ಬಳಿ ಸತುವಿನ ಒಂದು ತುಂಡು ಇರುತ್ತದೆ. ಉಪ್ಪುನೀರಿನಲ್ಲಿ ಅದು ತಾನು ಸವೆದು ಎಂಜಿನಿನ ಲೋಹವನ್ನು ಉಳಿಸುತ್ತದೆ. ಚೆಂದಕ್ಕೆಂದು ಅದಕ್ಕೂ ಬಣ್ಣ ಬಳಿದರೆ ಅದರ ಕೆಲಸ ನಿಂತು, ತುಕ್ಕು ಎಂಜಿನನ್ನೇ ಹಿಡಿಯುತ್ತದೆ. ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಲೋಹಗಳ ಕ್ರಿಯಾಶೀಲತಾ ಶ್ರೇಣಿಯನ್ನು ಬಾಯಿಪಾಠ ಮಾಡಿಸುವ ಮೊದಲು ಈ ಸತುವನ್ನು ತೋರಿಸುವುದು ಲೇಸು. ಗಿಯರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಹರಿದು ನೀರು ಒಳಸೇರಿದೆಯೆಂದು ಅರ್ಥ. ಆ ಹಂತದಲ್ಲಿ ಸೀಲ್ ಬದಲಿಸಿದರೆ ಸಣ್ಣ ಖರ್ಚು. ತಡಮಾಡಿದರೆ ಗಿಯರ್ ಪೆಟ್ಟಿಗೆಯೇ ಹೋಗುತ್ತದೆ. ಟೂ-ಸ್ಟ್ರೋಕ್ ಎಂಜಿನಿಗೆ ಇಂಧನದೊಡನೆ ಎಣ್ಣೆ ಬೆರೆಸುವ ಪ್ರಮಾಣ 50ಕ್ಕೆ 1 ಎಂದಿದ್ದರೆ 25 ಲೀಟರಿನ ಕ್ಯಾನಿಗೆ ಎಷ್ಟು? ಅರ್ಧ ಲೀಟರು. ಅನುಪಾತದ ಲೆಕ್ಕವನ್ನು ಮಾವಿನಹಣ್ಣಿನಲ್ಲೇ ಮಾಡಬೇಕೆಂದಿಲ್ಲ.

ಇಷ್ಟಾದ ಮೇಲೆ ಒಡೆತನದ ಪ್ರಶ್ನೆ. ರಂಪಣಿಯ ಕಾಲದಲ್ಲಿ ಬಲೆ ಒಬ್ಬನದಾಗಿರಲಿಲ್ಲ. ಮನೆಮನೆಯಿಂದ ತಂದ ಬಲೆಯ ತುಂಡುಗಳನ್ನು ಜೋಡಿಸಿ ಒಂದು ಬಲೆಯಾಗುತ್ತಿತ್ತು, ಹಿಡಿದದ್ದರಲ್ಲಿ ಎಲ್ಲರಿಗೂ ಪಾಲಿತ್ತು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದು ಕರಾವಳಿಯ ರಂಪಣಿ ಕುಸಿಯಿತು. ಪಾಲಿನ ಪದ್ಧತಿ ಮಾತ್ರ ಸಣ್ಣ ದೋಣಿಗಳಲ್ಲಿ ಉಳಿಯಿತು. ಕಾಸರಗೋಡಿನ ಕೆಲವು ಕಡಲತಡಿಗಳಲ್ಲಿ ಬಲೆ, ಪಾಲು, ಸಮುದ್ರದ ಮೇಲಿನ ತಕರಾರುಗಳನ್ನು ದೇವಸ್ಥಾನದ ಹಿರಿಯರು ಕೂಡಿ ತೀರ್ಮಾನಿಸುವ ‘ಕಡಕ್ಕೋಡಿ’ ಎಂಬ ವ್ಯವಸ್ಥೆಯೂ ಇದೆ.

ಪಾಲಿನ ಲೆಕ್ಕವನ್ನು ತರಗತಿಯಲ್ಲಿ ಹೀಗೆ ಮಾಡಿಸಬಹುದು. ಇಲ್ಲಿನ ಅಂಕಿಗಳು ಅಭ್ಯಾಸಕ್ಕಾಗಿ ಮಾತ್ರ. ಪಾಲಿನ ಕ್ರಮ ದಡದಿಂದ ದಡಕ್ಕೆ ಬೇರೆಯಾಗುತ್ತದೆ. ದಿನದ ಮೀನು ಏಲಂನಲ್ಲಿ 10,000 ರೂಪಾಯಿಗೆ ಹೋಯಿತು. ಇಂಧನ, ಮಂಜುಗಡ್ಡೆ, ಊಟಕ್ಕೆ 2,500, ಏಲಂ ಕಮಿಷನ್ ನೂರಕ್ಕೆ 5ರಂತೆ 500. ಉಳಿದ 7,000ವನ್ನು ಏಳು ಪಾಲು ಮಾಡಿ, ನಾಲ್ವರು ಕೆಲಸಗಾರರಿಗೆ ನಾಲ್ಕು, ದೋಣಿಗೊಂದು, ಎಂಜಿನಿಗೊಂದು, ಬಲೆಗೊಂದು. ಒಡೆಯನೂ ಕಡಲಿಗೆ ಹೋಗಿದ್ದರೆ ಅವನ ಕೈಗೆ 4,000 ಬಂತು. ಅವನು ಶ್ರೀಮಂತನೇ? 1,60,000 ರೂಪಾಯಿಯ ಎಂಜಿನು ವರ್ಷಕ್ಕೆ 160 ದಿನದಂತೆ 8 ವರ್ಷ ಬಾಳಿದರೆ ದಿನಕ್ಕೆ 125 ರೂಪಾಯಿ ಸವೆಯುತ್ತದೆ. 64,000ದ ಬಲೆ ಎರಡು ವರ್ಷ ಬಾಳಿದರೆ ದಿನಕ್ಕೆ 200. ಈ 325 ರೂಪಾಯಿ ಮನೆಖರ್ಚಿನದಲ್ಲ, ಮುಂದಿನ ಎಂಜಿನು ಮತ್ತು ಬಲೆಯದು. ಅದನ್ನು ತೆಗೆದಿಡದ ಮನೆ ಎಂಜಿನು ಕೆಟ್ಟ ದಿನ ಏಲಂ ಕೂಗುವವನ ಬಳಿ ಮುಂಗಡ ಕೇಳುತ್ತದೆ, ಅಂದಿನಿಂದ ಮೀನು ಅವನಿಗೇ ಒಪ್ಪಿಸಬೇಕಾಗುತ್ತದೆ. ದೋಣಿ ಹೆಸರಿಗೆ ಮಾತ್ರ ಮನೆಯದಾಗಿ ಉಳಿಯುವುದು ಹೀಗೆ.

ಮೀನು ಎಲ್ಲ ವರ್ಷವೂ ಒಂದೇ ಸಮ ಬರುವುದಿಲ್ಲವೆಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂಕಿಗಳಂತೆ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಸಾಲದ ಕಂತು ಬೂತಾಯಿಯಂತೆ ಏರಿಳಿಯುವುದಿಲ್ಲ. ಎಳೆಯ ಮೀನನ್ನು ಬಿಡಬೇಕೆಂಬ ನಿಯಮವೂ ಇದಕ್ಕೆ ಸಂಬಂಧಿಸಿದ್ದು: ಕೇರಳದಲ್ಲಿ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಕನಿಷ್ಠ ಅಳತೆ. ಮಕ್ಕಳು ಮನೆಗೆ ತಂದ ಮೀನನ್ನು ಸ್ಕೇಲಿನಲ್ಲಿ ಅಳೆದು ಬರೆಯಬಹುದು.

ಕೊನೆಯದು ಕಾಗದಪತ್ರ. ದೋಣಿಯ ನೋಂದಣಿ, ಮೀನುಗಾರಿಕೆಯ ಪರವಾನಗಿ, ಎಂಜಿನಿನ ಬಿಲ್ಲು, ವಿಮೆ, ಸೀಮೆಎಣ್ಣೆಯ ಪರ್ಮಿಟ್, ಕ್ಷೇಮನಿಧಿಯ ಪಾಸ್‌ಬುಕ್, 1984ರಲ್ಲಿ ಸ್ಥಾಪಿತವಾದ ಮತ್ಸ್ಯಫೆಡ್‌ನ ಸಾಲದ ದಾಖಲೆ ಎಲ್ಲವೂ ಒಂದೇ ಹೆಸರಿನಲ್ಲಿ, ಒಂದೇ ಅಕ್ಷರದಲ್ಲಿ ಇರಬೇಕು. ತುಳು ಮನೆಯ ಹೆಸರು ಮಲಯಾಳದಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಇನ್ನೊಂದು ಬಗೆಯಾಗಿ ಬಿದ್ದರೆ ಅಪಘಾತವಾದ ದಿನ ಕುಟುಂಬ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಮೊಗವೀರರಲ್ಲಿ ಹಿಂದೆ ಅಳಿಯಸಂತಾನ ಪದ್ಧತಿಯಿದ್ದುದರಿಂದ ಮಾವನ ದೋಣಿ ಸೋದರಳಿಯನ ಕೈಗೆ ಬರುವುದು ಊರಿಗೆ ಸಹಜ; ಕಚೇರಿಗೆ ಸಹಜವಲ್ಲ. ವರ್ಗಾವಣೆ ಮಾಡಿಸದೆ ಮಾವ ತೀರಿಕೊಂಡರೆ ದೋಣಿ ನಡೆಸುತ್ತಿರುವವನು ದಾಖಲೆಯಲ್ಲಿ ಯಾರೂ ಅಲ್ಲ. ಮೀನು ಮಾರುವ, ಮನೆಯ ಲೆಕ್ಕ ನೋಡುವ ಹೆಂಗಸರೇ ಬಹಳ ಕಡೆ ಈ ಕಾಗದಗಳನ್ನು ಕಾಪಾಡುವವರಾದ್ದರಿಂದ ಈ ಪಾಠ ಹುಡುಗಿಯರಿಗೆ ಹುಡುಗರಷ್ಟೇ ಅಗತ್ಯ.

1969ರ ಕೇರಳ ಆಡಳಿತ ಭಾಷಾ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳಲ್ಲಿ ಕನ್ನಡಿಗರು ಸರಕಾರದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯುವ ಹಕ್ಕುಳ್ಳವರು. ಪತ್ರಲೇಖನದ ಪಾಠದಲ್ಲಿ ರಜೆಯ ಅರ್ಜಿ ಬರೆಯಿಸಿದ ಮೇಲೆ ದೋಣಿಯ ನೋಂದಣಿಯನ್ನು ವರ್ಗಾಯಿಸುವಂತೆ ಮೀನುಗಾರಿಕಾ ಇಲಾಖೆಗೆ ಒಂದು ಅರ್ಜಿಯನ್ನೂ ಬರೆಯಿಸಬಹುದು: ನೋಂದಣಿ ಸಂಖ್ಯೆ, ಒಡೆಯನ ಹೆಸರು, ಕೇಳುವವರ ಸಂಬಂಧ, ಲಗತ್ತಿಸಿದ ದಾಖಲೆಗಳು, ದಿನಾಂಕ. ಮಲಯಾಳದ ನಮೂನೆಯನ್ನು ಓದಿ ಕನ್ನಡದಲ್ಲಿ ಅರ್ಥ ಹೇಳುವ ಚಟುವಟಿಕೆಯೂ ಅದರೊಂದಿಗೆ ನಡೆಯಲಿ. ಹಕ್ಕು ಇದೆಯೆಂದು ನಮೂನೆ ಓದಲು ಬಾರದಿರುವುದು ಯಾರಿಗೂ ಲಾಭವಲ್ಲ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಸಾಕು. ಗಿಯರ್ ಎಣ್ಣೆ ಬೆಳ್ಳಗಾಗಿದೆ, ದೋಣಿ ತೀರಿಹೋದ ಮಾವನ ಹೆಸರಿನಲ್ಲಿದೆ, ಕೈಯಲ್ಲಿ 3,000 ರೂಪಾಯಿ ಇದೆ, ನಾಳೆ ಆಗಸ್ಟ್ 1. ಮಗು ಮೊದಲು ಏನು ಮಾಡುತ್ತದೆ, ಯಾರನ್ನು ಕೇಳುತ್ತದೆ, ಏನು ಬರೆಯುತ್ತದೆ?