ಕೊತ್ತಿ ತರುವ ಮುಂಚೆ

ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಬೆಕ್ಕಿನ ಮರಿ ಫೋಟೋ ನೋಡಿದಾಗಿನಿಂದ ನಿದ್ದೆ ಬರುತ್ತಿಲ್ಲ, ತಂದು ಸಾಕಲಾ ದೊಡ್ಡಪ್ಪ ಅಂತ ಕೇಳಿದೆಯಲ್ಲ ಮಗಳೇ, ಮೊದಲು ಮನೆ ಓನರ್ ಹತ್ತಿರ ಮಾತಾಡು. ಮರಿ ಆಮೇಲೆ. ಜಾಲಹಳ್ಳಿಯಲ್ಲಿ ಬಾಡಿಗೆಗಿರುವ ನಿಮ್ಮಂಥ ಜೋಡಿಗಳು ಓನರಿಗೆ ತಿಳಿಯದ ಹಾಗೆ ಬೆಕ್ಕು ತಂದು, ಅದು ಕಿಟಕಿಯಲ್ಲಿ ಕೂತಾಗಲೆಲ್ಲ ಪರದೆ ಎಳೆದು, ಕೊನೆಗೊಂದು ದಿನ ಸಿಕ್ಕಿಬಿದ್ದು, ಅಡ್ವಾನ್ಸ್ ದುಡ್ಡು ಉಳಿದರೆ ಸಾಕೆಂದು ಅದನ್ನು ಪೀಣ್ಯದ ಯಾವುದೋ ಶೆಡ್ಡಿನ ಪಕ್ಕ ಬಿಟ್ಟು ಬಂದದ್ದನ್ನು ಕಂಡಿದ್ದೇನೆ. ಮನೆಯಲ್ಲಿ ಬೆಳೆದ ಬೆಕ್ಕಿಗೆ ಅಲ್ಲಿ ಬದುಕಲು ಬರುವುದಿಲ್ಲ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತೆ? 10ರಿಂದ 50 ರೂಪಾಯಿ. ನಮ್ಮ ಜಾಲಹಳ್ಳಿ ಕ್ರಾಸಿನಲ್ಲಿ ಅಷ್ಟಕ್ಕೆ ಒಂದು ಮಸಾಲೆ ದೋಸೆ ಬರುವುದೂ ಅನುಮಾನ. ಕಾನೂನು ನಿನ್ನನ್ನು ಹಿಡಿದು ನಿಲ್ಲಿಸುವುದಿಲ್ಲ ಅಂತ ಹೇಳಿದೆ, ಅಷ್ಟೆ.

ಎರಡನೆಯದು, ವಯಸ್ಸಿನ ಲೆಕ್ಕ. ಒಳಗೇ ಇರುವ ಬೆಕ್ಕು 12ರಿಂದ 15 ವರ್ಷ ಸಲೀಸಾಗಿ ಬದುಕುತ್ತದೆ. ಅಷ್ಟರಲ್ಲಿ ನೀನೂ ನಿನ್ನ ಗಂಡನೂ ಕೆಲಸ ಬದಲಿಸಿರುತ್ತೀರಿ, ಮನೆ ಬದಲಿಸಿರುತ್ತೀರಿ, ದೇವರು ಕೊಟ್ಟರೆ ಮಗುವೂ ಆಗಿರುತ್ತದೆ. ನೀನು ಗರ್ಭಿಣಿ ಅಂತ ತಿಳಿದ ದಿನವೇ ಮನೆಗೆ ಬಂದವರೆಲ್ಲ ಬೆಕ್ಕನ್ನು ಆಚೆ ಹಾಕಿ ಅನ್ನುತ್ತಾರೆ. ಟಾಕ್ಸೋಪ್ಲಾಸ್ಮಾ ಅನ್ನುವ ಪರೋಪಜೀವಿಯ ಭಯ ಅದು. ಭಯ ಸುಳ್ಳಲ್ಲ, ಆದರೆ ಉಪಾಯ ಬೇರೆ ಇದೆ. ಆ ಪರೋಪಜೀವಿ ಬೆಕ್ಕಿನ ಮಲದಲ್ಲಿ ಹೊರಬಿದ್ದ ಮೇಲೆ ಸೋಂಕು ಅಂಟಿಸುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಗಂಡ ದಿನವೂ ಟ್ರೇ ತೊಳೆದರೆ, ನೀನು ಆ ಕಡೆ ಹೋಗದಿದ್ದರೆ, ಮಾಂಸ ಚೆನ್ನಾಗಿ ಬೆಂದಿದ್ದರೆ, ತರಕಾರಿ ತೊಳೆದಿದ್ದರೆ ಬೆಕ್ಕನ್ನು ಓಡಿಸಬೇಕಿಲ್ಲ. ಟ್ರೇ ತೊಳೆಯಲು ಅಳಿಯಂದಿರು ಒಪ್ಪುತ್ತಾರಾ ಅಂತ ಈಗಲೇ ಕೇಳಿಟ್ಟುಕೋ.

ನಮ್ಮ ಬೆಕ್ಕು ಬೋಲ್ಟನ ಕಥೆ ನಿನಗೆ ಅರ್ಧ ಗೊತ್ತು. ಪೀಣ್ಯದ ಸಣ್ಣ ವರ್ಕ್‌ಶಾಪುಗಳಲ್ಲಿ ವರ್ಷವಿಡೀ ಯಾರೂ ಕೈಯಿಡದ ಮೂಲೆಗಳಿರುತ್ತವೆ. ಹಳೇ ಡೈಗಳು, ತುಕ್ಕು ಹಿಡಿದ ಫಿಕ್ಸ್ಚರುಗಳು, ಕಾಟನ್ ವೇಸ್ಟಿನ ಮೂಟೆ. ತಾಯಿಬೆಕ್ಕಿಗೆ ಅದಕ್ಕಿಂತ ಒಳ್ಳೆ ಬಾಣಂತಿ ಕೋಣೆ ಸಿಗುವುದಿಲ್ಲ. ಆಯುಧಪೂಜೆ ಬಂತೆಂದರೆ ಎಲ್ಲ ಮೂಲೆಗಳೂ ಒಟ್ಟಿಗೆ ಖಾಲಿಯಾಗುತ್ತವೆ. ಮೆಷೀನು ತೊಳೆದು ಕುಂಕುಮ ಇಡುವ ಹೊತ್ತಿಗೆ ಮರಿಗಳು ಗೇಟಿನಾಚೆ ಬಿದ್ದಿರುತ್ತವೆ. ಬೋಲ್ಟ ಸಿಕ್ಕಿದ್ದು ಹಾಗೆ, ಲೇತ್ ಮೆಷೀನಿನ ಕೆಳಗಿನ ಟ್ರೇನಲ್ಲಿ, ಮೈತುಂಬ ಕೂಲೆಂಟು ಮೆತ್ತಿಕೊಂಡು. ರೆಸ್ಕ್ಯೂ ಮಾಡುವ ಹುಡುಗಿಯೊಬ್ಬಳು ಸ್ಕೂಟರಿನಲ್ಲಿ ಬಂದಳು. ನಾನು ಹಾಲು ಹಾಕಲು ಹೋದರೆ ತಡೆದಳು. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಬೆಚ್ಚನೆ ನೀರಿಗೆ ಬೆರೆಸಿ, ಕಣ್ಣು ಕಿವಿಗೆ ತಾಗದ ಹಾಗೆ ಎರಡು ಸಲ ಉಜ್ಜಿ, ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಳು. ಬೆಕ್ಕು ತನ್ನ ಮೈ ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ, ಆ ಕೂಲೆಂಟು ಹೊಟ್ಟೆಗೆ ಹೋದರೆ ವಿಷ ಅಂದಳು. ಹಾಲಿನ ವಿಚಾರವೂ ಆಗಲೇ ತಿಳಿದದ್ದು. ಹಸುವಿನ ಹಾಲು ಮರಿಗಳಿಗೆ ಭೇದಿ ತರಿಸುತ್ತದೆ, ದೊಡ್ಡ ಬೆಕ್ಕುಗಳಲ್ಲೂ ಬಹುಪಾಲಿಗೆ ಜೀರ್ಣವಾಗುವುದಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡು ಓಡಿದ್ದರಲ್ಲಿ ತಪ್ಪೇನಿಲ್ಲ ಬಿಡು.

ಅವಳ ತಂಡದವರು ಅದನ್ನು ಸುಧಾರಿಸಿ ದತ್ತು ಕೊಡುವ ಮುಂಚೆ ನಮ್ಮ ಮನೆಗೇ ಬಂದು ನೋಡಿದರು. ನಿನಗೂ ಇದು ಎದುರಾಗುತ್ತದೆ. ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರಾಜರ್ಸ್ ಕಟ್ಟಿದ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಿವೆ, ಒಂಟಿಯಾಗಿ ದುಡಿಯುವ ಹುಡುಗ ಹುಡುಗಿಯರಿದ್ದಾರೆ. ಹೆಣ್ಣು ಕೊಡುವವರು ಕೇಳಿದ ಹಾಗೆ ಕೇಳುತ್ತಾರೆ: ಮನೆಯಲ್ಲಿ ಯಾರ್ಯಾರಿದ್ದೀರಿ, ಊರಿಗೆ ಹೋದಾಗ ಯಾರು ನೋಡುತ್ತಾರೆ, ಬಾಲ್ಕನಿಗೆ ಬಲೆ ಇದೆಯಾ, ಮರಿಯಾಗದ ಹಾಗೆ ಆಪರೇಷನ್ ಮಾಡಿಸುತ್ತೀರಾ. ಸಿಟ್ಟು ಮಾಡಿಕೊಳ್ಳಬೇಡ. ಏನೂ ಕೇಳದೆ ಡಬ್ಬಿಯಲ್ಲಿ ಹಾಕಿ ಕೊಡುವವರ ಹತ್ತಿರ ತರಬೇಡ. ಆಪರೇಷನ್ ವಿಚಾರದಲ್ಲಂತೂ ಪಾಪ ಪುಣ್ಯ ಅಂತ ಕೂರಬೇಡ. ಹೆಣ್ಣು ಮರಿ 5 ತಿಂಗಳು ತುಂಬುವ ಮೊದಲೇ ಬೆದೆಗೆ ಬರಬಹುದು, ಗಬ್ಬವಾದರೆ 65 ದಿನ ಆಸುಪಾಸಿನಲ್ಲಿ ಮರಿ ಹಾಕುತ್ತದೆ. ಆ ಮರಿಗಳೇ ಮುಂದಿನ ಆಯುಧಪೂಜೆಗೆ ಗೇಟಿನಾಚೆ ಬೀಳುವವು.

ತಂದ ಮೇಲೆ ಒಂದೇ ರೂಮಿನಲ್ಲಿ ಬಿಡು. ಮಂಚದ ಕೆಳಗೆ ಹೊಕ್ಕುತ್ತದೆ. ಎಳೆಯಬೇಡ, ನೆಂಟರನ್ನು ಕರೆದು ತೋರಿಸಬೇಡ, ರೀಲ್ಸು ಅದೂ ಇದೂ ಬೇಡ. ನೀರು, ಊಟ, ಮರಳಿನ ಟ್ರೇ ಇಟ್ಟು ನೀನು ನೆಲದ ಮೇಲೆ ಕೂತು ನಿನ್ನ ಕೆಲಸ ಮಾಡಿಕೋ. ಅದು ನೋಡಿದಾಗ ಕಣ್ಣು ಅರ್ಧ ಮುಚ್ಚಿ, ನಿಧಾನ ತೆರೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ: ಹಾಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕು ತಾನೂ ಮಿಟುಕಿಸುತ್ತದೆ, ಅಪರಿಚಿತರಾದರೂ ಹತ್ತಿರ ಬರುತ್ತದೆ. ಈ ದಿನಗಳಲ್ಲಿ ನಿನಗೆ ಅದರ ಮೇಲೆ ಅಂಥ ಪ್ರೀತಿಯೇನೂ ಬರದಿರಬಹುದು. ಫೋಟೋ ನೋಡಿದಾಗ ಇದ್ದ ಉಕ್ಕು ಇಳಿದು, ಬರೀ ಟ್ರೇ ತೊಳೆಯುವ ಕೆಲಸ ಉಳಿದಿರುತ್ತದೆ. ಹೆದರಬೇಡ. ಮಾಡುತ್ತಾ ಹೋಗು.

ನಿನ್ನ ದೊಡ್ಡಮ್ಮನನ್ನೇ ನೋಡು. ಮೊಟ್ಟೆ ಕೂಡ ಹೊಸಿಲು ದಾಟದ ಮನೆ ನಮ್ಮದು. ಮೊಸರನ್ನ ತಿಂದುಕೊಂಡು ಬಿದ್ದಿರಲಿ ಅಂತ ಅವಳ ಷರತ್ತು. ಆದರೆ ಬೆಕ್ಕು ಮೊಸರನ್ನದಲ್ಲಿ ಬದುಕುವ ಜೀವವಲ್ಲ. ಟಾರಿನ್ ಅನ್ನುವ ಅಂಶ ಅದಕ್ಕೆ ಬೇಕೇ ಬೇಕು, ಬೇಕಾದಷ್ಟನ್ನು ಮೈಯಲ್ಲಿ ತಾನೇ ತಯಾರಿಸಿಕೊಳ್ಳಲಾರದು. ಅದು ಸಿಗುವುದು ಮಾಂಸ, ಮೀನಿನಲ್ಲಿ. ಸಿಗದೆ ಹೋದರೆ ಕಣ್ಣು ಹೋಗುತ್ತದೆ, ಹೃದಯ ಸೊರಗುತ್ತದೆ. ಇದನ್ನು ವಿಜ್ಞಾನಿಗಳು ಖಚಿತ ಮಾಡಿದ್ದು 1970, 80ರ ದಶಕಗಳಲ್ಲಿ. ಮನೆಯಲ್ಲಿ ಜಗಳವೇ ಆಯಿತು. ಕೊನೆಗೆ ಯುಟಿಲಿಟಿಯ ಮೂಲೆಯಲ್ಲಿ ಬೇರೆ ತಟ್ಟೆ, ಬೇರೆ ಚಮಚ, ಅಂಗಡಿಯ ಒಣ ಕ್ಯಾಟ್ ಫುಡ್ಡು ಅಂತ ರಾಜಿಯಾಯಿತು. ಪ್ಯಾಕೆಟ್ಟಿನ ಮೇಲಿನ ಕೋಳಿ ಚಿತ್ರದ ಮೇಲೆ ಅವಳು ಬಿಳಿ ಕಾಗದ ಅಂಟಿಸಿ ‘ಬೋಲ್ಟನ ಬೂಂದಿ’ ಅಂತ ಬರೆದಳು. ನಿಮ್ಮ ಮನೆಯಲ್ಲಿ ಇಷ್ಟಕ್ಕೂ ಮನಸ್ಸು ಒಪ್ಪದಿದ್ದರೆ ಬೆಕ್ಕು ಬೇಡ, ಮೊಲವೋ ಗಿಡವೋ ಸಾಕಿಕೊಳ್ಳಿ. ಅದರಲ್ಲಿ ಅವಮಾನವಿಲ್ಲ.

ಅವಳು ಬೋಲ್ಟನನ್ನು ಮುಟ್ಟಿದ್ದು ಬಹಳ ದಿನದ ಮೇಲೆ. ಒಂದು ರಾತ್ರಿ ಅದು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂರುವುದು, ತಿಣುಕುವುದು, ಒಂದು ಹನಿಯೂ ಇಲ್ಲ. ಬೆಳಗಾದ ಮೇಲೆ ನೋಡೋಣ ಅಂದೆ ನಾನು. ದಿನವೂ ಟ್ರೇ ತೊಳೆಯುತ್ತಿದ್ದವಳು ಅವಳು. ಸಂಜೆಯಿಂದ ಮರಳು ಒಣಗಿಯೇ ಇದೆ, ಇದು ಮಲಬದ್ಧತೆಯಲ್ಲ ಅಂತ ಹಟ ಹಿಡಿದಳು. ತರಕಾರಿ ಬುಟ್ಟಿಗೆ ಹಳೇ ಸೀರೆ ಹಾಸಿ, ಬೋಲ್ಟನನ್ನು ಎತ್ತಿ ಕೂರಿಸಿ, ಮೇಲೆ ಇನ್ನೊಂದು ಬುಟ್ಟಿ ಕವುಚಿ ದಾರ ಕಟ್ಟಿ, ಆಟೋದಲ್ಲಿ ದಾರಿಯುದ್ದಕ್ಕೂ ಮಾತಾಡಿಸುತ್ತಾ ಕೂತಳು. ಗಂಡುಬೆಕ್ಕಿನ ಮೂತ್ರನಾಳ ಕಿರಿದು, ಹರಳು ಕಟ್ಟಿಕೊಂಡರೆ ಪೂರ್ತಿ ಮುಚ್ಚಿಹೋಗಿ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ ಅಂದರು ಡಾಕ್ಟರು. ನಳಿಕೆ ಹಾಕಿ ಕಟ್ಟಿಕೊಂಡದ್ದನ್ನು ತೆಗೆದರು. ಈಗ ನಮ್ಮ ಮನೆಯ ನಾಲ್ಕು ಮೂಲೆಯಲ್ಲಿ ನೀರಿನ ಬಟ್ಟಲುಗಳಿವೆ. ನಿನ್ನ ದೊಡ್ಡಮ್ಮ ನನ್ನ ಬಿಪಿ ಮಾತ್ರೆ ಮರೆತರೂ ಅವು ಖಾಲಿಯಾಗುವುದಿಲ್ಲ. ಮನೆಮಗ ಈಗ ಬೋಲ್ಟ, ನಾನು ಪೇಯಿಂಗ್ ಗೆಸ್ಟು.

ಇನ್ನುಳಿದವು ಬೇಗ ಹೇಳುತ್ತೇನೆ, ಬರೆದಿಟ್ಟುಕೋ. ಜ್ವರ ಬಂದಿದೆ ಅಂತ ಪ್ಯಾರಾಸಿಟಮಾಲ್, ಅದೇ ಡೋಲೋ, ಕ್ರೋಸಿನ್ನು, ಚೂರೂ ಕೊಡಬೇಡ; ಒಂದು ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ಮನೆಯೊಳಗೆ ಲಿಲ್ಲಿ ಹೂ ಇಡಬೇಡ, ಮೂತ್ರಪಿಂಡ ಹಾಳಾಗುತ್ತದೆ. 8 ವಾರಕ್ಕೆ ಮೊದಲ ಲಸಿಕೆ, ಮೂರ್ನಾಲ್ಕು ವಾರ ಬಿಟ್ಟು ಮತ್ತೊಂದು, 12 ವಾರ ದಾಟಿದ ಮೇಲೆ ರೇಬೀಸಿನದು. ನಮ್ಮ ಕಡೆಯವರಿಗೆ ಬಿಇಎಲ್ ಸರ್ಕಲ್ ದಾಟಿ ಹೋದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕಚ್ಚಿದರೆ, ಪರಚಿ ರಕ್ತ ಬಂದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗು. ಸಾಕಿದ್ದು ಅಂತ ಸುಮ್ಮನಿರಬೇಡ. ಪಾರಿವಾಳಕ್ಕೆ ಕಟ್ಟಿದ ತೆಳು ನೈಲಾನ್ ಬಲೆಯನ್ನು ನಂಬಬೇಡ, ಗಟ್ಟಿ ಬಲೆ ಹಾಕಿಸು. ಚಳಿಗಾಲದ ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಬಾನೆಟ್ಟು ತಟ್ಟಲು ಅಳಿಯಂದಿರಿಗೆ ಹೇಳು. ಬೀದಿಯ ಮರಿಗಳು ಇಂಜಿನ್ನಿನ ಬಿಸಿಗೆ ಒಳಗೆ ಸೇರಿರುತ್ತವೆ.

ಅಪಶಕುನದ ಮಾತು ನಿನ್ನ ಅತ್ತೆ ಮನೆಯಲ್ಲಿ ಬಂದೇ ಬರುತ್ತದೆ. ಜಗಳಕ್ಕೆ ಹೋಗಬೇಡ, ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಬೆಕ್ಕಳಲೆಗೆ ಒಂದು ಸಲ ಕರೆದುಕೊಂಡು ಹೋಗು. ಅಲ್ಲಿ ಬೆಕ್ಕನ್ನು ಮಂಗಮ್ಮ ದೇವಿಯೆಂದು ಗುಡಿ ಕಟ್ಟಿ ಪೂಜಿಸುತ್ತಾರೆ, ಸತ್ತ ಬೆಕ್ಕನ್ನು ಕಂಡರೆ ಹಾಗೇ ಬಿಡದೆ ಮಣ್ಣು ಮಾಡುತ್ತಾರೆ. ಮದ್ದೂರಿನಲ್ಲಿ ದೇವರಾದದ್ದು ಜಾಲಹಳ್ಳಿಯಲ್ಲಿ ಅಡ್ಡ ಬಂದರೆ ಹೇಗೆ ಕೆಟ್ಟದ್ದಾಗುತ್ತದೆ ಅಂತ ಅತ್ತೆಯವರನ್ನೇ ಮೆತ್ತಗೆ ಕೇಳು.

ಕೊನೆಯದೊಂದು ಮಾತು. ಫೋಟೋದಲ್ಲಿ ನೀನು ನೋಡಿದ ಬಿಳಿ ಮರಿಗೆ ನಿನ್ನ ಹಾಗೇ ಇನ್ನೂ ಹತ್ತು ಜನ ಫೋನ್ ಮಾಡಿರುತ್ತಾರೆ, ಅದಕ್ಕೆ ಮನೆ ಸಿಗುತ್ತದೆ. ಅದೇ ಗೂಡಿನಲ್ಲಿ ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ಒಂದು ಕರೀ ಬೆಕ್ಕು ಇರುತ್ತದೆ, ಒಂದು ಕಣ್ಣು ಇಲ್ಲದ್ದೋ ಕಾಲು ಎಳೆಯುವುದೋ. ಆಪರೇಷನ್ ಆಗಿರುತ್ತದೆ, ಟ್ರೇ ಅಭ್ಯಾಸವಾಗಿರುತ್ತದೆ, ಗುಣ ಏನೆಂದು ನೋಡಿಕೊಂಡವರಿಗೆ ಗೊತ್ತಿರುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬರುವ ನಿಮ್ಮಿಬ್ಬರಿಗೆ ಮರಿಗಿಂತ ಅದೇ ಸರಿ. ಹೋದಾಗ ಮೊದಲು ಅದನ್ನು ಕೇಳು.